ಹನ್ನೆರಡು ಥರ ಹರ್ಬಲ್ ಟೀ ಕುಡಿದು ನೋಡಿದ್ವಿ, ಎಂಟಕ್ಕೆ ಒಂದೇ ರುಚಿ! ನಿಮಗೂ ಹಿಂಗೇ ಆಗಿದ್ಯಾ?

ಕಾಫಿಮನೆ_ಸೊಸೆ, ಚಿಕ್ಕಮಗಳೂರು (ಡಿಸೆಂಬರ್ 14)

ಫಸ್ಟೇ ಹೇಳ್ಬಿಡ್ತೀನಿ, ನಮ್ದು ಕಾಫಿ ಮನೆ. ಮಾವನೋರಿಗೆ ಅಲ್ದೂರು ಕಡೆ ಸ್ವಲ್ಪ ತೋಟ, ಬೆಳಿಗ್ಗೆ ಎದ್ರೆ ಫಿಲ್ಟರಲ್ಲಿ ಡಿಕಾಕ್ಷನ್ ಇಳಿದಿದ್ಯಾ ಅಂತ ನೋಡಿ ಆಮೇಲೆ ಮುಖ ತೊಳ್ಯೋ ಪೈಕಿ. ಟೀ ಅಂದ್ರೆ ನೆಂಟರ ಮನೇಲಿ ಬೇರೆ ದಾರಿ ಇಲ್ದೇ ಇದ್ದಾಗ ಕುಡಿಯೋದು. ಹಂಗಿರೋ ಮನೆಗೆ ನನ್ ನಾದಿನಿ ಜರ್ಮನಿಯಿಂದ ಬರ್ತಾ ಒಂದು ಹರ್ಬಲ್ ಟೀ ಡಬ್ಬ ತಂದಿದಾಳೆ, ಹನ್ನೆರಡು ಫ್ಲೇವರ್, ಒಂದೊಂದರಲ್ಲೂ ಐದೈದು ಸ್ಯಾಷೆ. ಡಬ್ಬ ತೆಗೆದ್ರೆ ಇಡೀ ಹಾಲ್ ಘಮ ಘಮ, ಥೇಟ್ ಜಾತ್ರೇಲಿ ಶರಬತ್ ಅಂಗಡಿ ಮುಂದೆ ನಿಂತಂಗೆ.

ಇವತ್ತು ಭಾನುವಾರ, ಹೊರಗೆ ಚಳಿ, ಎಲ್ರೂ ಮನೇಲೇ ಇದ್ವಿ, ಸರಿ ಪರೀಕ್ಷೆ ಮಾಡೇ ಬಿಡಣ ಅಂತ ಹನ್ನೆರಡು ಸ್ಟೀಲ್ ಲೋಟ ಸಾಲಾಗಿಟ್ಟು ತಳಕ್ಕೆ ನನ್ ಬಿಂದಿ ಪ್ಯಾಕೆಟ್‌ನಿಂದ ಸ್ಟಿಕ್ಕರ್ ಅಂಟಿಸಿ ನಂಬರ್ ಬರೆದು, ಯಾವುದು ಯಾವ ಫ್ಲೇವರ್ ಅಂತ ನಂಗೊಬ್ಳಿಗೆ ಗೊತ್ತಿರೋ ಹಂಗೆ ಮಾಡಿ ಎಲ್ರಿಗೂ ಕೊಟ್ಟೆ. ಜಡ್ಜ್‌ಗಳು ನಮ್ಮೆಜಮಾನ್ರು, ನಾದಿನಿ, ಪಕ್ಕದ್ಮನೆ ಆಂಟಿ, ಮತ್ತೆ ನಮ್ಮಜ್ಜಿ (ಎಜಮಾನ್ರ ಅಜ್ಜಿ, ವಯಸ್ಸು 84, ನಾಲಿಗೆ ಇನ್ನೂ ಹದಿನೆಂಟು).

ಹಣ್ಣಿನ ಟೀ ಎಂಟು: ರಾಸ್ಪ್‌ಬೆರ್ರಿ, ಸ್ಟ್ರಾಬೆರ್ರಿ, ಚೆರ್ರಿ, ಪೀಚ್, ಮಾವು, ಕಿತ್ತಳೆ, ಕಾಡುಹಣ್ಣು ಅಂತ ಒಂದು, ಆಪಲ್ ಜೊತೆ ಚಕ್ಕೆ ಹಾಕಿದ್ದೊಂದು. ಇನ್ ನಾಲ್ಕು ಬೇರೆ ಜಾತಿ, ಶುಂಠಿ-ನಿಂಬೆ, ಸೋಂಪು ಮತ್ತೆ ಅದರ ಅಣ್ತಮ್ಮಂದಿರು, ರೂಯಿಬೋಸ್ ಅಂತ ಕೆಂಪಗಿರೋದು ವೆನಿಲ್ಲಾ ಸೇರಿಸಿ, ಕೊನೇದು ಮಸಾಲೆ ಮಿಕ್ಸ್.

ರಿಸಲ್ಟ್ ಏನಂದ್ರೆ, ಎಂಟು ಹಣ್ಣಿನ ಟೀಲಿ ಒಂದನ್ನೂ ಯಾರೂ ಸರಿಯಾಗಿ ಗುರುತು ಹಿಡೀಲಿಲ್ಲ! ಮೂಗಿನ ಹತ್ರ ಇಟ್ಕೊಂಡ್ರೆ ಮಾವು, ಬಾಯಿಗೆ ಹಾಕಿದ್ರೆ ಹುಣಸೆ ಹಣ್ಣಿನ ನೀರು. ಎಲ್ಲಾ ಕೆಂಪು, ಎಲ್ಲಾ ಹುಳಿ. ಅಜ್ಜಿ ಮೂರನೇ ಲೋಟಕ್ಕೆ, "ಇದು ಆಗ್ಲೇ ಕೊಟ್ಯಲ್ಲೇ, ಮತ್ತೆ ಯಾಕ್ ಕೊಡ್ತೀಯ" ಅಂದ್ರು. ಸೋಂಪಿಂದು ಕುಡಿದು, "ಇದು ಮಗೂಗೆ ಹೊಟ್ಟೆನೋವು ಬಂದ್ರೆ ಕುಡಿಸೋ ನೀರಲ್ವಾ" ಅಂದ್ರು. ನಾದಿನಿ ಬಿದ್ದು ಬಿದ್ದು ನಕ್ಕಳು, ಯಾಕಂದ್ರೆ ಜರ್ಮನಿಲೂ ಅದನ್ನ ಮಕ್ಕಳ ಹೊಟ್ಟೆಗೇ ಕೊಡೋದಂತೆ.

ಗೆದ್ದಿದ್ದು ಶುಂಠಿ-ನಿಂಬೆ. ಎರಡನೇದು ಮಸಾಲೆ ಮಿಕ್ಸ್, ಸಕ್ಕರೆ ಹಾಕ್ದೇನೇ ಸಿಹಿ ಇತ್ತು, ಹೆಂಗೆ ಅಂತ ಗೊತ್ತಾಗ್ಲಿಲ್ಲ. ಹಣ್ಣಿನ ಟೀ ಎಲ್ಲಾ ಯಾಕೆ ಒಂದೇ ಥರ ಇರುತ್ತೆ? ನಾನೇ ಏನಾದ್ರೂ ತಪ್ಪು ಮಾಡ್ದ್ನಾ? ಗೊತ್ತಿರೋರು ಹೇಳಿ.

ಹಾಸನ್_ಹೈದ (ಡಿಸೆಂಬರ್ 14)

ಅಕ್ಕೋ, ನೀವು ಹಾಲ್ ಹಾಕ್ಲಿಲ್ವಲ್ಲ, ಪುಣ್ಯ. ನಂಗೆ ಆಫೀಸಲ್ಲಿ ದೀಪಾವಳಿಗೆ ಗಿಫ್ಟ್ ಅಂತ ಇಂಥದೇ ಒಂದು ಡಬ್ಬ ಕೊಟ್ಟಿದ್ರು, ತಂದು ಅಡುಗೆಮನೇಲಿ ಮಡಗ್ಬುಟ್ಟು ಹೊಂಟೋದೆ. ನಮ್ಮತ್ತೆ ಬಂದಿದ್ರು, ಟೀ ಅಂತ ಬರ್ದದಲ್ಲ ಅಂದ್ಬುಟ್ಟು ಹಾಲು ಸಕ್ಕರೆ ಹಾಕಿ ಚೆನ್ನಾಗಿ ಕುದಿಸವ್ರೆ. ಒಡೆದು ಗುಲಾಬಿ ಬಣ್ಣದ ಪನೀರಾಗೋಯ್ತು! ಹಾಲು ತರೋ ಹುಡುಗನಿಗೆ ಎರಡು ದಿನ ಬೈದ್ರು ಪಾಪ, ಮೂರನೇ ದಿನ ಹೊಸ ಹಾಲಲ್ಲೂ ಒಡೆದಾಗ ಗೊತ್ತಾಯ್ತು ಹಾಲಿಂದಲ್ಲ ತಪ್ಪು ಅಂತ.

ಕಷಾಯ_ಭಟ್ರು, ಕೊಪ್ಪ (ಡಿಸೆಂಬರ್ 15)

ಎಂತಕ್ಕೆ ಮಾರಾಯ್ರೆ ಜರ್ಮನಿಯಿಂದ ಸೋಂಪು ತರಿಸ್ಕೊಳ್ಳೋದು? ಏಲಕ್ಕಿ ಕಾಳುಮೆಣಸು ಬೆಳೆಯೋ ಊರಲ್ಲಿ ಕೂತು ಕಾಗದದ ಚೀಲ ನೀರಲ್ಲಿ ಅದ್ದಿ ಕುಡಿಯೋದು ನೋಡಿದ್ರೆ ನಂಗೆ ಅಳಬೇಕೋ ನಗಬೇಕೋ ಗೊತ್ತಾಗ್ತಿಲ್ಲ.

ನಮ್ಮನೆ ಕಷಾಯ ಪುಡಿ ಬರ್ಕೊಳ್ಳಿ. ಕೊತ್ತಂಬರಿ ಬೀಜ ಒಂದು ಲೋಟ, ಜೀರಿಗೆ ಅರ್ಧ ಲೋಟ, ಕಾಳುಮೆಣಸು ಎರಡು ಚಮಚ, ಮೆಂತೆ ಒಂದೇ ಚಮಚ (ಜಾಸ್ತಿ ಆದ್ರೆ ಕಹಿ, ಆಮೇಲೆ ನಂಗೆ ಬೈಬೇಡಿ), ಏಲಕ್ಕಿ ಏಳೆಂಟು. ಬೇರೆ ಬೇರೆ ಹುರೀಬೇಕು, ಒಟ್ಟಿಗೆ ಹಾಕಿದ್ರೆ ಜೀರಿಗೆ ಸುಟ್ಟು ಕೊತ್ತಂಬರಿ ಹಸಿ ಉಳಿಯತ್ತೆ. ಏಲಕ್ಕಿ ಹುರಿಯೋದು ಬೇಡ, ಹಂಗೇ ಪುಡಿ ಮಾಡಿ. ನೀರು, ಬೆಲ್ಲ, ಪುಡಿ ಹಾಕಿ ಕುದಿಸಿ, ಇಳಿಸಿದ ಮೇಲೆ ಬಿಸಿ ಹಾಲು. ಬೆಲ್ಲದ ಜೊತೆ ಹಾಲು ಕುದಿಸ್ಬೇಡಿ, ಮೇಲಿನವ್ರ ಅತ್ತೆ ಕಥೇನೇ ಆಗ್ತದೆ.

ಲ್ಯಾಬ್_ಮೇಷ್ಟ್ರು, ಹಾಸನ (ಡಿಸೆಂಬರ್ 15)

ಕಾಫಿಮನೆಯವರೇ, ನೀವೇನೂ ತಪ್ಪು ಮಾಡಿಲ್ಲ. ಆ ಡಬ್ಬ ತಿರುಗಿಸಿ ಹಿಂದೆ ಇಂಗ್ರೀಡಿಯಂಟ್ಸ್ ಓದಿ, ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದ್ಲು ಬರೀಬೇಕು ಅನ್ನೋದು ನಿಯಮ, ಅಲ್ಲೂ ಇಲ್ಲೂ. ನಾನು ಬೆಟ್ ಕಟ್ತೀನಿ, ಎಂಟರಲ್ಲೂ ಮೊದಲ ಎರಡು ಮೂರು ಹೆಸರು ದಾಸವಾಳ, ಸೇಬು, ರೋಸ್‌ಹಿಪ್ (ಗುಲಾಬಿ ಗಿಡದ ಕಾಯಿ) ಅಂತ ಇರುತ್ತೆ, ರಾಸ್ಪ್‌ಬೆರ್ರಿ ಎಲ್ಲೋ ಕೊನೇಲಿ.

ದಾಸವಾಳ ಅಂದ್ರೆ ನಮ್ಮನೆ ಮುಂದೆ ಪೂಜೆಗೆ ಕೀಳೋ ದಾಸವಾಳ ಅಲ್ಲ, ಅದರ ದಾಯಾದಿ. ಉತ್ತರ ಕರ್ನಾಟಕದ ಕಡೆ ರೊಟ್ಟಿ ಜೊತೆ ತಿನ್ನೋ ಪುಂಡಿಪಲ್ಯ ಗೊತ್ತಲ್ಲ, ಆ ಜಾತಿ ಗಿಡ. ಅದರ ಹೂವು ಉದುರಿದ ಮೇಲೆ ಬುಡದಲ್ಲಿ ದಪ್ಪ ಕೆಂಪು ಪುಷ್ಪಪಾತ್ರೆ ಉಳಿಯುತ್ತೆ, ಅದನ್ನ ಒಣಗಿಸಿ ಹಾಕ್ತಾರೆ. ಒಳ್ಳೇ ಕೆಂಪು, ಒಳ್ಳೇ ಹುಳಿ. ಹಾಲು ಒಡೆಯೋದಕ್ಕೂ ಆ ಹುಳಿನೇ ಕಾರಣ, ನಿಂಬೆಹಣ್ಣು ಹಿಂಡಿದಂಗೇ ಲೆಕ್ಕ.

ಇನ್ನು ಮಾವು, ಪೀಚ್ ಅಂತ ಮೂಗಿಗೆ ಬಡಿಯೋದು ಸೇರಿಸಿದ ಫ್ಲೇವರ್. ಒಣಗಿದ ಹಣ್ಣಿನ ತುಂಡು ಐದು ನಿಮಿಷ ಬಿಸಿನೀರಲ್ಲಿ ಕೂತ್ರೆ ಸ್ವಲ್ಪ ಸಿಹಿ ಸ್ವಲ್ಪ ಹುಳಿ ಬಿಡಬಹುದೇ ಹೊರತು ಘಮ ಅಷ್ಟೊಂದು ಎಲ್ಲಿಂದ ಬರ್ಬೇಕು, ಒಣಗುವಾಗ್ಲೇ ಮುಕ್ಕಾಲು ಹಾರಿ ಹೋಗಿರುತ್ತೆ. ನಾಲಿಗೆಗೆ ಗೊತ್ತಾಗೋದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಉಮಾಮಿ ಅಂತಾರಲ್ಲ ಅದು, ಐದೇ. ಮಾವು, ಕಿತ್ತಳೆ ಅನ್ನೋ ಭೇದವೆಲ್ಲ ಮೂಗಿನ ಕೆಲಸ. ನಂಬಿಕೆ ಇಲ್ದಿದ್ರೆ ಮೂಗು ಬಿಗಿಯಾಗಿ ಹಿಡ್ಕೊಂಡು ಮಾವಿನ ಟೀ, ಚೆರ್ರಿ ಟೀ ಎರಡೂ ಕುಡೀರಿ, ಆಮೇಲೆ ಬಾಯಲ್ಲಿ ಇರುವಾಗ್ಲೇ ಮೂಗು ಬಿಡಿ. ನಮ್ ಕಾಲೇಜಲ್ಲಿ ಹುಡುಗರಿಗೆ ಏಲಕ್ಕಿ ಪೆಪ್ಪರ್‌ಮೆಂಟ್ ಕೊಟ್ಟು ಇದನ್ನೇ ಮಾಡಿಸ್ತೀನಿ, ಮೂಗು ಬಿಟ್ಟ ತಕ್ಷಣ ಅವ್ರ ಮುಖ ನೋಡ್ಬೇಕು.

ಮಸಾಲೆ ಗೆದ್ದಿದ್ದಕ್ಕೆ ಕಾರಣ ಅದು ಮೂಗನ್ನಷ್ಟೇ ನಂಬ್ಕೊಂಡಿಲ್ಲ. ಶುಂಠಿ, ಮೆಣಸಿನ ಖಾರ ನಿಜವಾಗ್ಲೂ ರುಚಿ ಅಲ್ಲ, ಬಿಸಿ ತಾಗಿದಂಗೆ ನರಕ್ಕೆ ಗೊತ್ತಾಗೋದು, ಮೂಗು ಕಟ್ಟಿದ್ರೂ ಗೊತ್ತಾಗುತ್ತೆ. ಅದಕ್ಕೇ ನೆಗಡೀಲಿ ಬೇರೆ ಎಲ್ಲಾ ಸಪ್ಪೆ ಆದ್ರೂ ಶುಂಠಿ ಕಷಾಯ ಸಪ್ಪೆ ಅನ್ಸಲ್ಲ. ಮತ್ತೆ ಒಣಶುಂಠಿ ಹಸಿಶುಂಠಿಗಿಂತ ಖಾರ ಯಾಕೆ ಅಂದ್ರೆ ಒಣಗುವಾಗ ಅದರಲ್ಲಿ ಖಾರ ಕೊಡೋ ಜಿಂಜರಾಲ್‌ನಲ್ಲಿ ಒಂದು ಭಾಗ ಶೋಗಾಲ್ ಆಗುತ್ತೆ, ಅದು ಅದಕ್ಕಿಂತ ಖಾರ. ಜಪಾನಿ ಭಾಷೇಲಿ ಶುಂಠಿಗೆ ಶೋಗಾ ಅಂತಾರೆ, ಹೆಸರು ಬಂದಿದ್ದು ಅಲ್ಲಿಂದ.

ಕಾಫಿಮನೆ_ಸೊಸೆ (ಡಿಸೆಂಬರ್ 15)

ಮೇಷ್ಟ್ರೇ ಬೆಟ್ ನೀವೇ ಗೆದ್ರಿ!! ಎಂಟರಲ್ಲಿ ಏಳಕ್ಕೆ ಮೊದಲ ಹೆಸ್ರು ದಾಸವಾಳ. ಎಂಟನೇದು ಆಪಲ್-ಚಕ್ಕೆ, ಅದರಲ್ಲಿ ಸೇಬು ಫಸ್ಟ್, ದಾಸವಾಳ ಸೆಕೆಂಡ್. ಮಾವಿನ ಟೀಲಿ ಮಾವಿನ ತುಂಡು ನೂರಕ್ಕೆ ಒಂದು ಭಾಗ ಅಂತ ನಾದಿನಿ ಓದಿ ಹೇಳಿದ್ಲು, ಪಾಪ ಅವಳ ಮುಖ ಸಪ್ಪಗಾಯ್ತು ದುಡ್ಡು ಕೊಟ್ಟು ಹೊತ್ಕೊಂಡ್ ಬಂದಿದ್ಲಲ್ಲ.

ಮೂಗು ಹಿಡಿಯೋ ಪರೀಕ್ಷೆ ಅಜ್ಜಿ ಮೇಲೇ ಮಾಡಿದ್ವಿ. ಮೂಗು ಹಿಡ್ಕೊಂಡು ಕುಡಿದು "ಹುಳಿ" ಅಂದ್ರು, ಬಿಟ್ರು, ಎರಡು ಸೆಕೆಂಡ್ ಸುಮ್ನಿದ್ದು "ಅಯ್ಯ, ಈಗ ಬಂತು ನೋಡು ಹಣ್ಣು" ಅಂದ್ರು. ಆಮೇಲೆ ಇಡೀ ಸಂಜೆ ತಿಳಿಸಾರು, ಉಪ್ಪಿನಕಾಯಿ, ಕೊಬ್ಬರಿ ಎಲ್ಲದಕ್ಕೂ ಮೂಗು ಹಿಡ್ಕೊಂಡು ಹಿಡ್ಕೊಂಡು ನೋಡ್ತಾ ಕೂತಿದ್ರು.

ಅರಸೀಕೆರೆ_ತೆಂಗು (ಡಿಸೆಂಬರ್ 16)

ನೀವು ಕೆಂಪು ಅಂತೀರಿ, ನಮ್ಮಲ್ಲಿ ದಾಸವಾಳದ ಟೀ ಮಾಡಿದ್ರೆ ನೇರಳೆ ಬಣ್ಣಕ್ಕೆ ತಿರುಗುತ್ತೆ, ಹುಳಿನೂ ಅಷ್ಟಿಲ್ಲ. ತಂಗಿ ಚಿಕ್ಕಮಗಳೂರಲ್ಲಿ ಇದಾಳೆ, ಅವಳ ಮನೇಲಿ ಅದೇ ಪ್ಯಾಕೆಟ್ ಕುಡಿದ್ರೆ ಕೆಂಪಗೆ ಜೋರು ಹುಳಿ. ಪ್ಯಾಕೆಟ್ ಡೂಪ್ಲಿಕೇಟು ಅಂತ ಅಂಗಡಿಯವನ ಹತ್ರ ಜಗಳಕ್ಕೆ ಹೋಗೋನಿದ್ದೆ.

ಲ್ಯಾಬ್_ಮೇಷ್ಟ್ರು (ಡಿಸೆಂಬರ್ 16)

ಜಗಳ ಬೇಡ ಸಾರ್, ನಿಮ್ಮದು ಬೋರ್‌ವೆಲ್ ನೀರಲ್ವಾ? ಬಯಲುಸೀಮೆ ಬೋರ್ ನೀರು ಗಡಸು, ಅದರಲ್ಲಿ ಬೈಕಾರ್ಬೊನೇಟ್ ಇರುತ್ತೆ, ಅದು ಹುಳೀನ ತಿಂದುಹಾಕುತ್ತೆ. ಹುಳಿ ಕಮ್ಮಿ ಆದ ಹಂಗೇ ಆ ಕೆಂಪು ಬಣ್ಣ ನೇರಳೆ ಕಡೆ ಹೋಗುತ್ತೆ. ಲೋಟಕ್ಕೆ ಎರಡು ಹನಿ ನಿಂಬೆರಸ ಬಿಡಿ, ಕಣ್ಣೆದುರಿಗೇ ವಾಪಸ್ ಕೆಂಪಾಗುತ್ತೆ. ನಿಮ್ಮ ಸೋಲಾರ್ ಪೈಪಲ್ಲಿ ಬಿಳಿ ಉಂಡೆ ಕಟ್ಟುತ್ತಲ್ಲ, ಅದೇ ನೀರು ಟೀಗೂ ಹೋಗೋದು. ಗುಡ್ಡದ ಕಡೆ ಝರಿ ನೀರು ಮೆತ್ತಗಿರುತ್ತೆ, ಅದಕ್ಕೆ ನಿಮ್ ತಂಗಿ ಮನೇಲಿ ಹುಳಿ ಪೂರ್ತಿ ಗೊತ್ತಾಗುತ್ತೆ.

ಅರಸೀಕೆರೆ_ತೆಂಗು (ಡಿಸೆಂಬರ್ 16)

ಬಿಟ್ಟೆ ನಿಂಬೆರಸ. ಆಯ್ತು ಕೆಂಪು! ಮಗ ಇನ್ನೂ ನಾಲ್ಕು ಲೋಟ ಮಾಡಿಸಿ ನಾಲ್ಕಕ್ಕೂ ಹಿಂಡಿದ, ಕುಡ್ಯೋರು ಮಾತ್ರ ಯಾರೂ ಇಲ್ಲ.

ಹೋಂಸ್ಟೇ_ಹುಡ್ಗಿ, ಸಕಲೇಶಪುರ (ಡಿಸೆಂಬರ್ 17)

ಬಣ್ಣದ ವಿಷ್ಯ ಬಂತಲ್ಲ, ಅದಕ್ಕೆ ಹೇಳ್ತೀನಿ. ನಮ್ ಹೋಂಸ್ಟೇಗೆ ಬೆಂಗಳೂರಿಂದ ಬರೋರಿಗೆ ಶಂಖಪುಷ್ಪದ ನೀಲಿ ಟೀ ಬೇಕೇ ಬೇಕು, ನಿಂಬೆ ಹಿಂಡಿದ್ರೆ ನೇರಳೆ ಆಗೋದನ್ನ ವಿಡಿಯೋ ಮಾಡ್ಬೇಕಲ್ಲ. ಮಾಡ್ಕೊಡ್ತೀನಿ. ಆದ್ರೆ ನಮ್ ನಮ್ಮಲ್ಲೇ ಇರಲಿ, ಅದಕ್ಕೆ ರುಚಿ ಅನ್ನೋದು ಏನೂ ಇಲ್ಲ, ಬಟಾಣಿ ಬೇಯಿಸಿದ ನೀರು. ವಿಡಿಯೋ ಮುಗಿದ ಮೇಲೆ ಅರ್ಧ ಲೋಟ ಹಂಗೇ ಉಳಿದಿರುತ್ತೆ.

ಎಲ್ರೂ ಎರಡನೇ ಸಲ ಕೇಳೋದು ನನ್ ಮಜ್ಜಿಗೆಹುಲ್ಲಿನ (ಲೆಮನ್‌ಗ್ರಾಸ್) ಟೀನ. ನಾಲ್ಕು ಎಲೆ ಹಿತ್ಲಿಂದ ಕಿತ್ತು, ಗಂಟು ಕಟ್ಟಿ ಒಂದ್ಸಲ ಕಲ್ಲಲ್ಲಿ ಜಜ್ಜಿ, ಹೆಬ್ಬೆಟ್ಟಿನಷ್ಟು ಶುಂಠಿ, ಕಿತ್ತಳೆ ಸಿಪ್ಪೆ ಒಣಗಿಸಿದ್ದು ಎರಡು ಚೂರು, ಕಾಳುಮೆಣಸು ನಾಲ್ಕೇ ನಾಲ್ಕು. ಶುಂಠಿ ಮೆಣಸು ಮೊದ್ಲು ಹತ್ತು ನಿಮಿಷ ಕುದಿಸ್ತೀನಿ, ಹುಲ್ಲು ಮತ್ತೆ ಸಿಪ್ಪೆ ಒಲೆ ಆರಿಸಿದ ಮೇಲೆ ಹಾಕಿ ತಟ್ಟೆ ಮುಚ್ಚಿಡ್ತೀನಿ. ಮೊದ್ಲು ಎಲ್ಲಾ ಒಟ್ಟಿಗೆ ಕುದಿಸ್ತಿದ್ದೆ, ಅಡುಗೆಮನೆ ಎಲ್ಲಾ ಘಮ ಬರೋದು, ಲೋಟದಲ್ಲಿ ಏನೂ ಇರ್ತಿರ್ಲಿಲ್ಲ! ಘಮ ಮನೆಗೆಲ್ಲಾ ಬಂತು ಅಂದ್ರೆ ಲೋಟದಿಂದ ಹೋಯ್ತು ಅಂತಾನೇ ಅರ್ಥ ಅನ್ನೋದು ನಂಗೆ ಅರ್ಥ ಆಗೋಕೆ ಒಂದು ವರ್ಷ ಬೇಕಾಯ್ತು. ಕಿತ್ತಳೆ ಸಿಪ್ಪೆ ಒಳಗಿನ ಬಿಳಿ ಭಾಗ ಕೆರೆದು ತೆಗೀರಿ, ಇಲ್ದಿದ್ರೆ ಕಹಿ.

ಕಷಾಯ_ಭಟ್ರು (ಡಿಸೆಂಬರ್ 17)

ಕಾಳುಮೆಣಸು ನಾಲ್ಕೇ? ಉಸಿರಾಡಕ್ಕೂ ಸಾಕಾಗಲ್ಲ. ಆದ್ರೆ ಮುಚ್ಚಿಡೋ ವಿಷ್ಯ ಸರಿಯಾಗಿ ಹೇಳಿದ್ರಿ, ನಮ್ಮಮ್ಮ ಏಲಕ್ಕಿಪುಡಿ ಹಾಕಿದ ಮೇಲೆ ಒಂದು ಕುದೀನೂ ಬಿಡ್ತಿರ್ಲಿಲ್ಲ.

ಹಾಸನ್_ಹೈದ (ಡಿಸೆಂಬರ್ 17)

ಒಂದು ಡೌಟು. ಮುಳ್ಳಯ್ಯನಗಿರಿ ಮೇಲೆ ಫ್ರೆಂಡ್ಸ್ ಜೊತೆ ಹೋಗಿ ಫ್ಲಾಸ್ಕಲ್ಲಿ ತಗೊಂಡೋದ ನೀರಿಗೆ ಇಂಥ ಟೀ ಚೀಲ ಹಾಕಿದ್ವಿ, ಬಣ್ಣ ಬಂತು ರುಚಿನೇ ಬರ್ನಿಲ್ಲ. ಎತ್ತರಕ್ಕೂ ಟೀಗೂ ಏನಾರ ಸಂಬಂಧ ಐತಾ ಮೇಷ್ಟ್ರೇ ಇಲ್ಲ ಫ್ಲಾಸ್ಕೇ ಸರಿ ಇಲ್ವಾ?

ಲ್ಯಾಬ್_ಮೇಷ್ಟ್ರು (ಡಿಸೆಂಬರ್ 17)

ನಿಮ್ಮದು ಹೆಚ್ಚಾಗಿ ಫ್ಲಾಸ್ಕಿನ ತಪ್ಪು, ನೀರು ಎಂಬತ್ತು ಡಿಗ್ರಿಗೆ ಇಳಿದಿರುತ್ತೆ. ಆದ್ರೆ ಪ್ರಶ್ನೆ ಒಳ್ಳೇದು. ಮೇಲೆ ಹೋದಂಗೆ ಸುಮಾರು 300 ಮೀಟರಿಗೆ ಒಂದು ಡಿಗ್ರಿ ಲೆಕ್ಕದಲ್ಲಿ ನೀರು ಬೇಗ ಕುದಿಯುತ್ತೆ. ಚಿಕ್ಕಮಗಳೂರು ಊರು ಸಾವಿರ ಮೀಟರ್ ಮೇಲಿದೆ, ಅಲ್ಲಿ ನೀರು 96-97ಕ್ಕೇ ಕುದಿ ಬರುತ್ತೆ. ಮುಳ್ಳಯ್ಯನಗಿರಿ 1,930 ಮೀಟರ್, ತುದೀಲಿ ಒಲೆ ಹಚ್ಚಿದ್ರೂ 93-94 ದಾಟಲ್ಲ. ಎಲೆ ಹೂವಿಗೆ ಇದೇನೂ ತೊಂದ್ರೆ ಇಲ್ಲ, ಚಕ್ಕೆ, ಒಣಶುಂಠಿ, ಸೋಂಪಿನಂಥ ಗಟ್ಟಿ ಸಾಮಾನಿಗೆ ಇನ್ನೊಂದೆರಡು ನಿಮಿಷ ಜಾಸ್ತಿ ಬಿಡಿ.

ರುಚಿ ಹೋಲಿಸಿ ನೋಡೋರು ಇದೊಂದು ನೆನಪಿಟ್ಕೊಳ್ಳಿ, ಟೀ ಟೇಸ್ಟರುಗಳಿಗೆ ಅಂತ ಒಂದು ಅಂತರರಾಷ್ಟ್ರೀಯ ಪದ್ಧತಿ ಇದೆ, 100 ಎಂಎಲ್ ನೀರಿಗೆ 2 ಗ್ರಾಂ, 6 ನಿಮಿಷ. ಅದು ಕುಡಿಯೋಕೆ ಚೆನ್ನಾಗಿರ್ಲಿ ಅಂತ ಅಲ್ಲ, ಎಲ್ಲಾ ಲೋಟಕ್ಕೂ ಒಂದೇ ನ್ಯಾಯ ಇರ್ಲಿ ಅಂತ. ಮತ್ತೆ ಅವ್ರು ಸೊರ್ ಅಂತ ಸದ್ದು ಮಾಡಿ ಎಳೀತಾರೆ, ಗಾಳಿ ಜೊತೆ ಹೋದ್ರೆ ಘಮ ಗಂಟಲ ಹಿಂದಿಂದ ಮೂಗಿಗೆ ಹತ್ತುತ್ತೆ. ಮನೇಲಿ ಹೆಂಡ್ತಿ ಬೈದ್ರೆ ನಾನು ಜವಾಬ್ದಾರ ಅಲ್ಲ.

ರಿಟೈರ್ಡ್_ರಾಯರು, ಹಾಸನ (ಡಿಸೆಂಬರ್ 18)

ಮೊದಲನೇ ಪೋಸ್ಟಿನಲ್ಲಿ ಸಕ್ಕರೆ ಹಾಕದೇ ಸಿಹಿ ಇತ್ತು ಅಂದಿದ್ದೀರಲ್ಲ ಮಸಾಲೆ ಮಿಕ್ಸು, ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ಅತಿಮಧುರ ಇರುತ್ತೆ, ಜ್ಯೇಷ್ಠಮಧು ಅಂತಲೂ ಕರೀತಾರೆ. ನಾನು ಕಳೆದ ವರ್ಷ ಸಕ್ಕರೆ ಬಿಡಬೇಕು ಅಂತ ಅಂಥದೊಂದು ಟೀ ಹಿಡಿದೆ, ಕಂಪನಿ ಹೆಸರು ಬೇಡ. ದಿನಕ್ಕೆ ಮೂರು ದೊಡ್ಡ ಮಗ್ಗು, ಕೆಲವು ಸಲ ನಾಲ್ಕು. ಒಳ್ಳೇದಲ್ವಾ, ಗಿಡಮೂಲಿಕೆ ಅಲ್ವಾ ಅಂತ. ಒಂದೂವರೆ ತಿಂಗಳಿಗೆ ಕಾಲು ಊದೋಕೆ ಶುರುವಾಯ್ತು, ಬಿಪಿ ಮಾತ್ರೆ ತಗೊಂಡ್ರೂ ಇಳೀಲಿಲ್ಲ, ರಕ್ತ ಪರೀಕ್ಷೇಲಿ ಪೊಟ್ಯಾಸಿಯಂ ಕಮ್ಮಿ. ಡಾಕ್ಟ್ರು ಊಟ ತಿಂಡಿ ಎಲ್ಲಾ ಕೇಳಿದ್ರು, ನಾನು ಟೀ ವಿಷಯ ಹೇಳಲೇ ಇಲ್ಲ, ಅದು ನನ್ನ ಲೆಕ್ಕದಲ್ಲಿ ನೀರು! ಮೂರನೇ ಭೇಟೀಲಿ ನನ್ನ ಹೆಂಡತಿ ಬಾಯಿಬಿಟ್ಟಳು. ಡಾಕ್ಟ್ರು ಪ್ಯಾಕೆಟ್ ತರಿಸಿ ನೋಡಿ ಇವತ್ತಿಂದಲೇ ಬಂದ್ ಅಂದ್ರು. ನಿಲ್ಲಿಸಿದ ಮೇಲೆ ಕೆಲವು ವಾರಕ್ಕೆ ಸರಿ ಹೋಯ್ತು.

ಕೆಮ್ಮು ಬಂದಾಗ ಒಂದು ಚೂರು ಬಾಯಲ್ಲಿ ಇಟ್ಕೊಂಡ್ರೆ ಏನೂ ಆಗಲ್ಲ, ನಾನು ಮಾಡಿದ್ದು ದಿನಾ ಲೀಟರುಗಟ್ಟಲೆ. ಬಿಪಿ ಇರೋರು, ಹೃದಯದ ತೊಂದರೆ ಇರೋರು ನೋಡ್ಕೊಳ್ಳಿ. ನಿಮ್ಮ ಮನೇಲಿ 84 ವರ್ಷದ ಅಜ್ಜಿ ಇದ್ದಾರೆ ಅಂದ್ರಲ್ಲ, ಅದಕ್ಕೇ ಬರೆದೆ.

ಲ್ಯಾಬ್_ಮೇಷ್ಟ್ರು (ಡಿಸೆಂಬರ್ 18)

ರಾಯರು ಹೇಳಿದ್ದು ನೂರಕ್ಕೆ ನೂರು ನಿಜ. ಅದರಲ್ಲಿರೋ ಗ್ಲಿಸಿರೈಝಿನ್ ಅನ್ನೋ ಪದಾರ್ಥ ದೇಹದಲ್ಲಿ ಉಪ್ಪು ಉಳಿಯೋ ಹಂಗೆ ಮಾಡಿ ಪೊಟ್ಯಾಸಿಯಂ ಹೊರಗೆ ಕಳಿಸುತ್ತೆ. ದಾಸವಾಳದ ಟೀ ಇದಕ್ಕೆ ಉಲ್ಟಾ, ಬಿಪಿ ಸ್ವಲ್ಪ ಇಳಿಸೋ ಕಡೆ ಎಳಿಯುತ್ತೆ, ಅದೂ ಮಾತ್ರೆ ತಗೊಳ್ಳೋರು, ಬಸುರಿಯರು ಡಾಕ್ಟ್ರನ್ನ ಕೇಳದೇ ದಿನಾ ಕುಡೀಬಾರ್ದು. ಚಕ್ಕೆನೂ ಅಷ್ಟೇ, ಸಂತೇಲಿ ಸಿಗೋದು ದಪ್ಪ ತೊಗಟೆ ಕ್ಯಾಸಿಯಾ, ಅದರಲ್ಲಿ ಕೂಮರಿನ್ ಜಾಸ್ತಿ, ದಿನಾ ತುಂಬಾ ತಗೊಂಡ್ರೆ ಲಿವರಿಗೆ ಒಳ್ಳೇದಲ್ಲ. ಸಿಲೋನ್ ಚಕ್ಕೆ ಪೇಪರ್ ಥರ ತೆಳುವಾದ ಪದರ ಪದರ ಇರುತ್ತೆ, ಬೆರಳಲ್ಲೇ ಪುಡಿ ಆಗುತ್ತೆ, ಅದು ಪರವಾಗಿಲ್ಲ.

ಕಾಫಿಮನೆ_ಸೊಸೆ (ಡಿಸೆಂಬರ್ 18)

ರಾಯರೇ ತುಂಬಾ ಥ್ಯಾಂಕ್ಸ್, ಅಜ್ಜಿಗೆ ಬಿಪಿ ಇದೆ. ಮಸಾಲೆ ಮಿಕ್ಸ್ ನೋಡಿದೆ, ಎರಡನೇ ಹೆಸರೇ ಅತಿಮಧುರ. ಎತ್ತಿಟ್ಟೆ. ಅಜ್ಜಿ ಮಾತ್ರ, "ಚೆನ್ನಾಗಿದ್ದಿದ್ದು ಅದೊಂದೇ, ಅದನ್ನೇ ಬಚ್ಚಿಟ್ಟಳು" ಅಂತ ಪಕ್ಕದ್ಮನೆ ಆಂಟಿ ಹತ್ರ ಕಂಪ್ಲೇಂಟ್ ಹೇಳ್ತಿದಾರೆ.

ಮಂಜಿನ_ಮೂಡಿಗೆರೆ (ಡಿಸೆಂಬರ್ 19)

ಎಲ್ಲಾ ಓದಿದೆ. ಹಣ್ಣು ಬೇಕು ಮಸಾಲೆ ಬೇಕು ಅಂತ ಜರ್ಮನಿ ತನಕ ಹೋದ್ರಲ್ಲ, ಈಗ ನಿಮ್ ತೋಟದಲ್ಲಿ ಅರೇಬಿಕಾ ಕೊಯ್ಲು ನಡೀತಿಲ್ವಾ? ಹಣ್ಣು ಸುಲಿಯೋ ಪಲ್ಪರ್ ಮೆಷಿನ್ನಿಂದ ಬೀಳೋ ಸಿಪ್ಪೆ ಎಲ್ಲಿಗೆ ಹೋಗ್ತದೆ? ಗೊಬ್ಬರದ ಗುಂಡಿಗೆ ತಾನೆ?

ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದ ಕಥೆ ನಮ್ಮೂರ ಮಕ್ಕಳಿಗೆಲ್ಲ ಬಾಯಿಪಾಠ. ಆ ಯೆಮೆನ್‌ನಲ್ಲಿ ಜನ ಬೀಜಕ್ಕಿಂತ ಸಿಪ್ಪೆ ಕುದಿಸಿ ಕುಡಿಯೋದನ್ನೇ ಹೆಚ್ಚು ರೂಢಿ ಮಾಡ್ಕೊಂಡಿದ್ರು, ಕಿಶ್ರ್ ಅಂತಾರೆ ಅದಕ್ಕೆ. ಒಣಗಿದ ಕಾಫಿ ಸಿಪ್ಪೆ, ಶುಂಠಿ, ಕೆಲವ್ರು ಚಕ್ಕೆ ಏಲಕ್ಕಿ. ಬೀಜ ಮಾರಾಟಕ್ಕೆ, ಸಿಪ್ಪೆ ಮನೆಗೆ. ನಾವು ಬೀಜ ತಗೊಂಡ್ವಿ, ಸಿಪ್ಪೆ ಅಲ್ಲೇ ಬಿಟ್ಟು ಬಂದ್ವಿ ಮಾರಾಯ್ರೆ. ಈಗ ಅದನ್ನೇ ಕಾಸ್ಕರಾ ಅಂತ ಸ್ಪ್ಯಾನಿಷ್ ಹೆಸರಿಟ್ಟು ಬೆಂಗಳೂರು ಕೆಫೆಗಳಲ್ಲಿ ಕೊಡ್ತಾರೆ, ಒಂದು ಲೋಟದ ರೇಟು ಕೇಳಿದ್ರೆ ನಮ್ ಆಳುಗಳು ನಗ್ತಾರೆ.

ನಾನು ಎರಡು ವರ್ಷದಿಂದ ಮನೆ ಮಟ್ಟಿಗೆ ಮಾಡ್ತಿದೀನಿ. ಪೂರ್ತಿ ಕೆಂಪಾದ ಹಣ್ಣು ಮಾತ್ರ ಆರಿಸ್ಕೊಳ್ಳಿ, ಬೋರರ್ ಹುಳ ಹೊಡೆದಿದ್ದು ಬೇಡ. ಬೋರ್ಡೋ ಔಷಧಿ ಹೊಡೆದ ಗಿಡದ್ದು ಬೇಡವೇ ಬೇಡ, ಅದು ಮೈಲುತುತ್ತ ಮತ್ತೆ ಸುಣ್ಣ. ಮನೆ ಹಿಂದೆ ಏನೂ ಹೊಡೀದೇ ಇರೋ ಹತ್ತು ಗಿಡ ಇರ್ತದಲ್ಲ, ಅದರದ್ದು ಸಾಕು. ಚೆನ್ನಾಗಿ ತೊಳೆದು, ಕೈಲೇ ಹಿಸುಕಿ ಬೀಜ ತೆಗೆದು, ಸಿಪ್ಪೇನ ಜಾಲರಿ ಮೇಲೆ ತೆಳ್ಳಗೆ ಹರಡಿ. ಕಣದಲ್ಲಿ ರಾಶಿ ಹಾಕಿದ್ರೆ ಒಂದೇ ರಾತ್ರೀಲಿ ಹುಳಿ ಬಂದು ನೊಣ ಮುತ್ತುತ್ತೆ.

ಲ್ಯಾಬ್_ಮೇಷ್ಟ್ರು (ಡಿಸೆಂಬರ್ 19)

ಬೂಸ್ಟು ಕಂಡ್ರೆ ಒಂದು ಚೂರೂ ಉಳಿಸ್ಕೋಬೇಡಿ, ಕಾಫಿ ಸಿಪ್ಪೇಲಿ ಬೆಳೆಯೋ ಬೂಸ್ಟು ಆಕ್ರಟಾಕ್ಸಿನ್ ಅನ್ನೋ ವಿಷ ಬಿಡುತ್ತೆ, ಕುದಿಸಿದ್ರೂ ಹೋಗಲ್ಲ. ಮತ್ತೆ ಇದು ಹರ್ಬಲ್ ಟೀ ಅಲ್ಲ ಅನ್ನೋದು ನೆನಪಿರ್ಲಿ, ಬೀಜದಷ್ಟು ಅಲ್ದಿದ್ರೂ ಸಿಪ್ಪೇಲೂ ಕೆಫೀನ್ ಇದೆ. ರಾತ್ರಿ ಕುಡಿದು ನಿದ್ದೆ ಬರ್ಲಿಲ್ಲ ಅಂತ ಬರೀಬೇಡಿ ಇಲ್ಲಿ.

ಕಾಫಿಮನೆ_ಸೊಸೆ (ಡಿಸೆಂಬರ್ 22)

ಫಸ್ಟ್ ಬ್ಯಾಚ್ ಹಾಳು. ಮೊನ್ನೆ ಸಂಜೆ ಮೋಡ ಆಯ್ತು, ಒಳಗೆ ತಂದು ಮೊರದಲ್ಲಿ ದಪ್ಪಗೆ ಹಾಕಿ ಮೇಲೊಂದು ಪಂಚೆ ಮುಚ್ಚಿಟ್ಟೆ, ಬೆಳಿಗ್ಗೆ ನೋಡಿದ್ರೆ ಬಿಳಿ ನೂಲಿನ ಥರ ಬಂದಿತ್ತು. ಮಾವನೋರು ನೋಡಿ, "ನಲ್ವತ್ತು ವರ್ಷದಿಂದ ಕಾಫಿ ಒಣಗಿಸ್ತಿದೀವಿ, ನಮ್ಮನ್ನ ಒಂದ್ ಮಾತು ಕೇಳ್ಬಾರ್ದಾ" ಅಂದ್ರು. ಎಲ್ಲಾ ಗುಂಡಿಗೆ ಹಾಕ್ದೆ. ಈಗ ಎರಡನೇ ಸಲ ಅವ್ರೇ ಮುಂದೆ ನಿಂತು ಮಾಡಿಸ್ತಿದಾರೆ, ಹಳೇ ಸೊಳ್ಳೆಪರದೆ ಕಂಬಕ್ಕೆ ಕಟ್ಟಿ, ಕೆಳಗಿಂದ್ಲೂ ಗಾಳಿ ಆಡೋ ಹಂಗೆ. ಗಂಟೆಗೊಂದ್ಸಲ ಕೈಯಾಡಿಸ್ತಾರೆ, ಸಿಪ್ಪೆಗೆ ಇಷ್ಟೊಂದು ಮರ್ಯಾದೆ ನಮ್ ತೋಟದಲ್ಲಿ ಯಾವತ್ತೂ ಸಿಕ್ಕಿರ್ಲಿಲ್ಲ.

ಕಷಾಯ_ಭಟ್ರು (ಡಿಸೆಂಬರ್ 23)

ಕೈಗೆ ತಗೊಂಡು ಮುರಿದ್ರೆ ಟಕ್ ಅನ್ಬೇಕು, ಒಣ ಮೆಣಸಿನಕಾಯಿ ಹಂಗೆ. ಬಗ್ಗಿದ್ರೆ ಇನ್ನೂ ಆಗಿಲ್ಲ. (ನಾನು ಕುಡಿಯಲ್ಲ ಇದನ್ನ, ಆದ್ರೂ ಹೇಳ್ತಿದೀನಿ.)

ಕಾಫಿಮನೆ_ಸೊಸೆ (ಜನವರಿ 2)

ಆಯ್ತು! ಹತ್ತು ದಿನ ಬೇಕಾಯ್ತು. ಒಂದು ಬುಟ್ಟಿ ಹಣ್ಣಿಗೆ ಸಿಕ್ಕಿದ್ದು ಒಂದು ಹಾರ್ಲಿಕ್ಸ್ ಬಾಟ್ಲಿ ತುಂಬ ಸಿಪ್ಪೆ ಅಷ್ಟೇ, ಕಂದು ಬಣ್ಣ, ಮೂಸಿದ್ರೆ ಒಣದ್ರಾಕ್ಷಿ ಡಬ್ಬ ತೆಗೆದಂಗೆ ವಾಸನೆ.

ಮೂರು ಥರ ಮಾಡಿದ್ವಿ. ಬರೀ ಬಿಸಿನೀರು ಹೊಯ್ದು ಆರು ನಿಮಿಷ ಬಿಟ್ಟಿದ್ದು ತಿಳಿಯಾಗಿ ಕಿತ್ತಳೆ ಬಣ್ಣಕ್ಕೆ ಬಂತು, ಖರ್ಜೂರ ನೆನೆಸಿದ ನೀರಿನ ಥರ ಸಿಹಿ, ಕೊನೇಲಿ ಒಂಚೂರು ಹುಳಿ. ಎಜಮಾನ್ರಿಗೆ ಇದೇ ಇಷ್ಟ. ಎರಡನೇದು ಯೆಮೆನ್ ಸ್ಟೈಲ್, ಒಣಶುಂಠಿ ಜಜ್ಜಿ ಸಿಪ್ಪೆ ಜೊತೆ ಹತ್ತು ನಿಮಿಷ ಕುದಿಸಿ, ಇಳಿಸುವಾಗ ಏಲಕ್ಕಿ ಒಂದು ಹಾಕಿ ಮುಚ್ಚಿ, ಬೆಲ್ಲ ಸ್ವಲ್ಪ. ಇದು ಮಾತ್ರ ಸೂಪರ್ ಕಣ್ರೀ, ಬಾಯಿಗೆ ಹಣ್ಣು, ಗಂಟಲಿಗೆ ಶುಂಠಿ, ಮೂಗಿಗೆ ಏಲಕ್ಕಿ, ಮೂರೂ ಬೇರೆ ಬೇರೆ ಗೊತ್ತಾಗುತ್ತೆ. ಮೂರನೇದು ಹೋಂಸ್ಟೇಯವ್ರ ಮಜ್ಜಿಗೆಹುಲ್ಲು ಸೇರಿಸಿ ನೋಡಿದೆ, ಅದು ಸೇರಲಿಲ್ಲ, ಹುಲ್ಲಿನ ವಾಸನೆ ಸಿಪ್ಪೇನ ಪೂರ್ತಿ ನುಂಗ್ತು.

ಮತ್ತೆ ಬಿಂದಿ ಅಂಟಿಸಿ, ಮಾವಿನ ಟೀ, ಶುಂಠಿ-ನಿಂಬೆ, ನಮ್ ಸಿಪ್ಪೆ ಟೀ ಮೂರೂ ಅಜ್ಜಿ ಮುಂದೆ ಇಟ್ಟೆ. ಮೂಗು ಹಿಡ್ಕೊಂಡು ಒಂದ್ಸಲ, ಬಿಟ್ಟು ಒಂದ್ಸಲ ಕುಡಿದ್ರು (ಈಗ ಅದೇ ಅಭ್ಯಾಸ). ಸಿಪ್ಪೆ ಲೋಟ ಹಿಡ್ಕೊಂಡು ಸುಮಾರು ಹೊತ್ತು ಕೂತಿದ್ರು. ಆಮೇಲೆ ಹೇಳಿದ್ರು, ಚಿಕ್ಕವರಿದ್ದಾಗ ಹಣ್ಣು ಕೊಯ್ಯೋಕೆ ಹೋದ್ರೆ ಕಾಫಿ ಹಣ್ಣು ಬಾಯಿಗೆ ಹಾಕ್ಕೊಂಡು ಸಿಪ್ಪೆ ಚೀಪಿ ಬೀಜ ಮಾತ್ರ ಕುಕ್ಕೆಗೆ ಉಗೀತಿದ್ರಂತೆ, ತೋಟದ ಲೆಕ್ಕ ಬರೆಯೋ ರೈಟರ್ ಕಂಡ್ರೆ ಬೈತಿದ್ರಂತೆ. "ಅದೇ ರುಚಿ, ಬಿಸಿ ಮಾಡಿದೀಯ ಅಷ್ಟೇ" ಅಂದ್ರು. ಎರಡನೇ ಲೋಟ ಕೇಳಿದ್ರು, ಆಗ್ಲೇ ಸಂಜೆ ಆರಾಗಿತ್ತು, ಕೆಫೀನ್ ನೆನಪಾಗಿ ಕೊಡ್ಲಿಲ್ಲ. ಮತ್ತೆ ಕಂಪ್ಲೇಂಟು ಹೋಗಿದೆ ಪಕ್ಕದ್ಮನೆಗೆ.

ಮಂಜಿನ_ಮೂಡಿಗೆರೆ (ಜನವರಿ 2)

ಹಾರ್ಲಿಕ್ಸ್ ಬಾಟ್ಲಿ ಮುಚ್ಚಳ ಗಟ್ಟಿ ಮುಚ್ಚಿಡಿ, ಇಲ್ಲಿ ಮಳೆಗಾಲದಲ್ಲಿ ಹಪ್ಪಳನೇ ಮೆತ್ತಗಾಗ್ತದೆ, ಸಿಪ್ಪೆ ಕೇಳ್ಬೇಡಿ. ಜೂನ್ ಒಳಗೆ ಕುಡಿದು ಮುಗಿಸಿ. ಮುಂದಿನ ತಿಂಗಳು ನಮ್ಮಲ್ಲಿ ರೊಬಸ್ಟಾ ಹಣ್ಣಾಗ್ತದೆ, ಅದರ ಸಿಪ್ಪೆ ತೆಳು, ನಾನು ಒಂದ್ಸಲ ಮಾಡಿ ನೋಡಿ ಬರೀತೀನಿ.

ಕಾಫಿಮನೆ_ಸೊಸೆ (ಜನವರಿ 3)

ಬರೀರಿ ಖಂಡಿತ. ಅಂದಂಗೆ ಜರ್ಮನಿ ಡಬ್ಬದಲ್ಲಿ ಪೀಚ್ ಮೂರು, ಚೆರ್ರಿ ನಾಲ್ಕು, ಕಾಡುಹಣ್ಣು ನಾಲ್ಕು ಉಳಿದಿದೆ, ಯಾರಿಗಾದ್ರೂ ಬೇಕಾ? ಬಿಸಾಕೋಕೆ ಮನಸ್ಸಿಲ್ಲ, ನಾದಿನಿ ಯುಗಾದಿಗೆ ಮತ್ತೆ ಬರ್ತಾಳಂತೆ, ಅಷ್ಟ್ರೊಳಗೆ ಖಾಲಿ ಆಗ್ಬೇಕು.

ಹಾಸನ್_ಹೈದ (ಜನವರಿ 3)

ನಂಗೆ ಕೊಡಿ ಅಕ್ಕ, ಶನಿವಾರ ಚಿಕ್ಕಮಗಳೂರಿಗೆ ಬರ್ತಿವ್ನಿ. ನಮ್ಮತ್ತೆ ಮತ್ತೆ ಬಂದವ್ರೆ, ಪನೀರು ಕೇಳ್ತಾವ್ರೆ.